ಕಸ್ವೇಲಾ: ಚಿಲಿಯ ಮನೆಯಡುಗೆಯ ಒಂದು ಮಾಂಸದ ಸಾರಿನ ಚರಿತ್ರೆ

ಕಸ್ವೇಲಾ ಎಂಬುದು ಚಿಲಿ ದೇಶದ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮಾಡುವ ಮಾಂಸ ಮತ್ತು ತರಕಾರಿಯ ತಿಳಿಸಾರು. ಅದರ ಗುರುತು ಬಟ್ಟಲಿನಲ್ಲೇ ಕಾಣುತ್ತದೆ. ಮೂಳೆ ಬಿಡಿಸದ ದನದ ಮಾಂಸದ ಒಂದು ದೊಡ್ಡ ತುಂಡು, ಹೆಚ್ಚದೆ ಇಡಿಯಾಗಿ ಬೇಯಿಸಿದ ಒಂದು ಆಲೂಗಡ್ಡೆ, ಅಂಗೈ ಅಗಲದ ಸಿಹಿಗುಂಬಳದ ಹೋಳು, ಎಳೆಯ ಮೆಕ್ಕೆಜೋಳದ ತೆನೆಯ ತುಂಡು, ಇವುಗಳ ಸುತ್ತ ತೆಳುವಾದ ಸಾರು, ಮೇಲೆ ಕೊತ್ತಂಬರಿ ಸೊಪ್ಪು. ಉಣ್ಣುವವರು ಎಷ್ಟು ಮಂದಿಯೋ ಗಡಿಗೆಗೆ ಬೀಳುವ ಹೋಳುಗಳೂ ಅಷ್ಟೇ. ಕೋಳಿ, ಕುರಿ, ಟರ್ಕಿ ಕೋಳಿಯ ಕಸ್ವೇಲಾಗಳೂ ಉಂಟು. ಇಲ್ಲಿ ದನದ ಮಾಂಸದ ಕಸ್ವೇಲಾವನ್ನು ಮುಖ್ಯವಾಗಿ ಗಮನಿಸಲಾಗಿದೆ, ಏಕೆಂದರೆ ಆ ಮಾಂಸ ಚಿಲಿಯ ಮಡಕೆಗೆ ಬಂದು ಸೇರಿದ ಕತೆಯಲ್ಲಿ ವಸಾಹತು ಕಾಲದ ಆರ್ಥಿಕ ಚರಿತ್ರೆಯ ದೊಡ್ಡ ಭಾಗವೇ ಅಡಗಿದೆ.

ಮನೆಯಡುಗೆ ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಸಾಗಿಬಂದದ್ದು. ಹಾಗಾಗಿ ಅದರ ಚರಿತ್ರೆಗೆ ಅಡುಗೆ ಪುಸ್ತಕಗಳಿಗಿಂತ ಪದಗಳು ಹೆಚ್ಚು ನಂಬಿಕೆಯ ಸಾಕ್ಷಿ. ಕಸ್ವೇಲಾ ಸ್ಪ್ಯಾನಿಷ್ ಪದ. ಸ್ಪೇನಿನಲ್ಲಿ ಅದು ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ಪಾತ್ರೆಯ ಹೆಸರು. ಚಿಲಿಯಲ್ಲಿ ಆ ಹೆಸರು ಪಾತ್ರೆಯನ್ನು ಬಿಟ್ಟು ಪದಾರ್ಥಕ್ಕೆ ಅಂಟಿಕೊಂಡಿತು. ಅಲ್ಲಿ ಕಸ್ವೇಲಾ ಬೇಯುವುದು ‘ಓಯ್ಯಾ’ ಎನ್ನುವ ಆಳವಾದ ಗಡಿಗೆಯಲ್ಲಿ. ಒಳಗಿನ ಹೋಳುಗಳ ಹೆಸರುಗಳು ಮಾತ್ರ ಸ್ಪ್ಯಾನಿಷ್ ಅಲ್ಲ. ಆಲೂಗಡ್ಡೆಗೆ ‘ಪಾಪಾ’, ಕುಂಬಳಕ್ಕೆ ‘ಸಪಾಯೊ’, ಎಳೆಯ ತೆನೆಗೆ ‘ಚೋಕ್ಲೊ’, ಹುರುಳಿಕಾಯಿಯ ಜಾತಿಗೆ ‘ಪೊರೋತೊ’. ನಾಲ್ಕೂ ಕೆಚುವಾ ಭಾಷೆಯ ಪದಗಳು, ಅಂದರೆ ಇಂಕಾ ಸಾಮ್ರಾಜ್ಯದ ಮಾತು.

ಚಿಲಿಯ ಮೂಲನಿವಾಸಿಗಳಾದ ಮಾಪುಚೆ ಜನರಿಗೆ ಈ ಬೆಳೆಗಳು ಹೊಸತಾಗಿರಲಿಲ್ಲ. ಆಲೂಗಡ್ಡೆಯನ್ನು ಅವರು ‘ಪೊಞಿ’ ಎಂದೂ ಮೆಕ್ಕೆಜೋಳವನ್ನು ‘ಉವಾ’ ಎಂದೂ ಕರೆಯುತ್ತಿದ್ದರು. ಹೀಗಿದ್ದೂ ಅಡುಗೆಮನೆಯಲ್ಲಿ ನೆಲೆ ನಿಂತದ್ದು ಕೆಚುವಾ ಹೆಸರುಗಳು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಕಾ ಆಳ್ವಿಕೆ ಮಧ್ಯ ಚಿಲಿಯವರೆಗೆ ಹಬ್ಬಿದ್ದು ಇದಕ್ಕೆ ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣ, ಸ್ಪ್ಯಾನಿಷ್ ದಂಡು ಚಿಲಿಗೆ ಬಂದದ್ದೇ ಪೆರುವಿನ ಕಡೆಯಿಂದ. ಅದರ ನಾಯಕ ಪೆದ್ರೊ ದೆ ವಾಲ್ದಿವಿಯಾ 1540ರ ಜನವರಿಯಲ್ಲಿ ಪೆರುವಿನ ಕುಸ್ಕೊ ಬಿಟ್ಟಾಗ ಅವನ ಜೊತೆಗಿದ್ದ ಸ್ಪೇನಿನವರಿಗಿಂತ ಹೊರೆ ಹೊರಲು, ಅಡುಗೆ ಮಾಡಲು ಕರೆತಂದ ಆಂಡೀಸಿನ ಆಳುಗಳ ಸಂಖ್ಯೆ ಎಷ್ಟೋ ಹೆಚ್ಚು. ಹೊಸ ಊರಿನ ಒಲೆಗಳ ಮುಂದೆ ಕೇಳಿಬಂದದ್ದು ಅವರ ಮಾತು. ದಂಡನಾಯಕರ ಹೆಸರುಗಳು ಬೀದಿಗಳಿಗೆ ಸಿಕ್ಕಿವೆ. ಒಲೆಯ ಮುಂದೆ ಕುಳಿತಿದ್ದವರ ಗುರುತಾಗಿ ಉಳಿದಿರುವುದು ಈ ನಾಲ್ಕು ಪದಗಳು.

ಆಲೂಗಡ್ಡೆಯ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ದಕ್ಷಿಣ ಚಿಲಿಯ ಪೋರ್ತೊ ಮೋಂತ್ ಬಳಿಯ ಮೋಂತೆ ವೆರ್ದೆ ಎಂಬಲ್ಲಿ ಸುಮಾರು 14,500 ವರ್ಷಗಳ ಹಿಂದಿನ ಮಾನವ ನೆಲೆಯೊಂದರ ಉತ್ಖನನದಲ್ಲಿ ಕಾಡು ಆಲೂಗಡ್ಡೆಯ ಅವಶೇಷಗಳು ದೊರೆತಿವೆ. ಅದೇ ಭಾಗದ ಚಿಲೊಯೆ ದ್ವೀಪ ನೂರಾರು ನಾಟಿ ತಳಿಗಳ ತವರು. ಆಂಡೀಸ್ ಎತ್ತರದ ತಳಿಗಳು ಹಗಲು ಕಿರಿದಾದರೆ ಮಾತ್ರ ಗೆಡ್ಡೆ ಕಟ್ಟುತ್ತವೆ. ಚಿಲಿಯ ತಗ್ಗುನಾಡಿನ ತಳಿಗಳಿಗೆ ಬೇಸಿಗೆಯ ದೀರ್ಘ ಹಗಲೂ ಒಗ್ಗುತ್ತದೆ. ಆದ್ದರಿಂದಲೇ ಇಂದು ಜಗತ್ತಿನಲ್ಲಿ ಬೆಳೆಯುವ ಬಹುಪಾಲು ಆಲೂಗಡ್ಡೆಯಲ್ಲಿ ಚಿಲಿಯ ವಂಶವಾಹಿ ಸೇರಿದೆ. ಕರ್ನಾಟಕದ ಕರಾವಳಿಯಲ್ಲಿ ಈಗಲೂ ಬಳಕೆಯಲ್ಲಿರುವ ‘ಬಟಾಟೆ’ ಎಂಬ ಹೆಸರು ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಪದವೇ.

ಸ್ಪೇನಿನವರು ಬರುವ ಮೊದಲು ಮಾಪುಚೆಯರ ಸಾರಿಗೆ ‘ಕೊರು’ ಎಂಬ ಹೆಸರಿತ್ತು. ಅದರಲ್ಲಿ ದನದ ಮಾಂಸ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಖಂಡದಲ್ಲಿ ದನವೇ ಇರಲಿಲ್ಲ. ಸ್ಯಾಂಟಿಯಾಗೊ ನಗರ ಸ್ಥಾಪನೆಯಾದದ್ದು 1541ರ ಫೆಬ್ರವರಿ 12ರಂದು. ಅದೇ ವರ್ಷದ ಸೆಪ್ಟೆಂಬರ್ 11ರಂದು ಮಿಚಿಮಲೊಂಕೊ ಎಂಬ ನಾಯಕನ ನೇತೃತ್ವದಲ್ಲಿ ಸ್ಥಳೀಯರು ಮುತ್ತಿಗೆ ಹಾಕಿ ಊರನ್ನು ಸುಟ್ಟರು. ಸ್ಪೇನಿನ ದೊರೆಗೆ 1545ರಲ್ಲಿ ಬರೆದ ಪತ್ರದಲ್ಲಿ ವಾಲ್ದಿವಿಯಾ ಉಳಿದದ್ದರ ಲೆಕ್ಕ ಕೊಟ್ಟಿದ್ದಾನೆ. ಎರಡು ಹೆಣ್ಣುಹಂದಿ, ಒಂದು ಹಂದಿಮರಿ, ಒಂದು ಹೇಂಟೆ, ಒಂದು ಹುಂಜ, ಎರಡು ಬೊಗಸೆ ಗೋಧಿ. ಮಾಂಸಕ್ಕಾಗಿ ಸಾಕುವ ಪ್ರಾಣಿಗಳ ಪಟ್ಟಿ ಇಷ್ಟೇ. ಇವುಗಳನ್ನು ಕಾಪಾಡಿ ಮರಿ ಮಾಡಿಸಿದ ಕೀರ್ತಿಯನ್ನು ಹಳೆಯ ವೃತ್ತಾಂತಕಾರರು ಇನೆಸ್ ಸುವಾರೆಸ್ ಎಂಬ ಹೆಂಗಸಿಗೆ ಕೊಡುತ್ತಾರೆ.

ದನಗಳು ಬಂದದ್ದು ಆಮೇಲೆ. ಮಧ್ಯ ಚಿಲಿಯ ಹುಲ್ಲುಗಾವಲಿನಲ್ಲಿ ಅವು ಹೆಚ್ಚಿದ ಬಗೆ ಬೆರಗು ಹುಟ್ಟಿಸುತ್ತದೆ. 17ನೆಯ ಶತಮಾನದ ಹೊತ್ತಿಗೆ ಚಿಲಿಯ ಮುಖ್ಯ ರಫ್ತು ಪೆರುವಿಗೆ ಹೋಗುವ ಚರ್ಬಿ ಮತ್ತು ತೊಗಲು. ಲಿಮಾದ ಮನೆಗಳಿಗೂ ಪೊತೊಸಿಯ ಬೆಳ್ಳಿ ಗಣಿಗಳಿಗೂ ಮೇಣದ ಬತ್ತಿ, ಸಾಬೂನು, ತೊಗಲಿನ ಚೀಲ ಬೇಕಿದ್ದವು. ಸ್ಯಾಂಟಿಯಾಗೊದಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಅಲೋನ್ಸೊ ದೆ ಒವಾಯೆ 1646ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಚಿಲಿಯ ಚರಿತ್ರೆಯಲ್ಲಿ ದನಗಳನ್ನು ಕಡಿಯುವ ಋತುವನ್ನು ವರ್ಣಿಸಿದ್ದಾನೆ. ಕಡಿಯುತ್ತಿದ್ದದ್ದು ಚರ್ಬಿಗಾಗಿ, ಮಾಂಸ ಅದರ ಜೊತೆಗೆ ಸಿಗುವ ಹೆಚ್ಚುವರಿ. ಒಂದಿಷ್ಟನ್ನು ಉಪ್ಪು ಸವರಿ ಬಿಸಿಲಿಗೆ ಒಣಗಿಸಿ ‘ಚಾರ್ಕಿ’ ಮಾಡುತ್ತಿದ್ದರು. ಚಾರ್ಕಿಯೂ ಕೆಚುವಾ ಪದವೇ. ವ್ಯಾಪಾರದ ಹಡಗು ಕೊಂಡೊಯ್ಯದ ಮೂಳೆ, ಕಾಲು, ಪಕ್ಕೆಗಳು ತೋಟದ ಆಳುಗಳ ಗಡಿಗೆ ಸೇರುತ್ತಿದ್ದವು. ಕಸ್ವೇಲಾಕ್ಕೆ ಇಂದಿಗೂ ಬಳಸುವುದು ಅಂಥ ಭಾಗಗಳನ್ನೇ: ನಡುವೆ ನಲ್ಲಿ ಮೂಳೆಯಿರುವ ಕಾಲಿನ ಮಾಂಸ, ಎದೆಯ ಭಾಗ, ಅಡ್ಡ ಕೊಯ್ದ ಪಕ್ಕೆಲುಬು.

ಬೇಯಿಸುವ ಪದ್ಧತಿಗೆ ಮಾದರಿ ಬಂದದ್ದು ಸ್ಪೇನಿನಿಂದ. ಅಲ್ಲಿ ಮಾಂಸ, ಕಡಲೆಕಾಳು, ಎಲೆಕೋಸು ಎಲ್ಲವನ್ನೂ ಒಂದೇ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ರೂಢಿ ಹಳೆಯದು. ಅದರ ಮೂಲ ಯೆಹೂದಿಗಳು ಶುಕ್ರವಾರ ಸಂಜೆ ಒಲೆಗಿಟ್ಟು ಶನಿವಾರ ಉಣ್ಣುತ್ತಿದ್ದ ‘ಅದಾಫಿನಾ’ದಲ್ಲಿದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆದರೆ ಚಿಲಿಯ ಸಾರನ್ನು ಅದರ ನಕಲು ಎಂದು ಬಗೆದರೆ ತಪ್ಪಾಗುತ್ತದೆ. ಮಾದ್ರಿದಿನ ಮಡಕೆಯಲ್ಲಿ ಬೆಂದದ್ದನ್ನು ಬಿಡಿಬಿಡಿಯಾಗಿ ಬಡಿಸುತ್ತಾರೆ. ಮೊದಲು ಸಾರು, ಆಮೇಲೆ ಕಡಲೆ ಮತ್ತು ತರಕಾರಿ, ಕೊನೆಗೆ ಮಾಂಸ. ಚಿಲಿಯಲ್ಲಿ ಕಡಲೆಕಾಳು ಬಿಟ್ಟುಹೋಯಿತು, ಅದರ ಜಾಗಕ್ಕೆ ಕುಂಬಳ ಮತ್ತು ತೆನೆ ಬಂದವು, ಮೂರು ಸುತ್ತಿನ ಊಟ ಒಂದೇ ಬಟ್ಟಲಿಗೆ ಇಳಿಯಿತು. ಒಂದೇ ಮಡಕೆಯಲ್ಲಿ ಬೇಯಿಸುವ ರೂಢಿಯಷ್ಟೇ ಉಳಿದು, ಬೇಯುವ ಪದಾರ್ಥವೂ ಬಡಿಸುವ ಕ್ರಮವೂ ಬದಲಾದ ಮೇಲೆ ಅದನ್ನು ಬೇರೆಯೇ ಅಡುಗೆ ಎನ್ನಬೇಕು.

ಈ ಬಗೆಯ ಊಟವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಇಂಗ್ಲೆಂಡಿನ ಮಾರಿಯಾ ಗ್ರಹಾಂ ಮುಖ್ಯಳು. 1822ರಲ್ಲಿ ವಾಲ್ಪರಾಯ್ಸೊದಲ್ಲಿದ್ದ ಆಕೆಯ ದಿನಚರಿ 1824ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ‘ಚಾರ್ಕಿಕಾನ್’ ಕಸ್ವೇಲಾದ ಹತ್ತಿರದ ನೆಂಟ. ಚೆನ್ನಾಗಿ ಬೆಂದ ಹಸಿ ಮಾಂಸ, ಒಣಮಾಂಸ, ಕುಂಬಳ, ಎಲೆಕೋಸು, ಆಲೂಗಡ್ಡೆ ಎಲ್ಲವೂ ಒಂದೇ ತಟ್ಟೆಯಲ್ಲಿ. ಮನೆಯವರು ಆ ತಟ್ಟೆಯಿಂದಲೇ ಕೈಯಲ್ಲಿ ಎತ್ತಿಕೊಂಡು ತಿನ್ನುತ್ತಾ ಆಕೆಯನ್ನೂ ಹಾಗೆಯೇ ತಿನ್ನಲು ಕರೆದರು. ಇದರ ಪಕ್ಕದಲ್ಲಿಟ್ಟು ನೋಡಿದರೆ ಒಬ್ಬೊಬ್ಬರಿಗೆ ಒಂದೊಂದು ಹೋಳು ಎಂಬ ಕಸ್ವೇಲಾದ ಲೆಕ್ಕ ಎಷ್ಟು ವಿಶಿಷ್ಟವಾದದ್ದು ಎಂಬುದು ತಿಳಿಯುತ್ತದೆ.

ಮನೆಯಲ್ಲಿ ಆರು ಮಂದಿಗೆ ಮಾಡುವಾಗ ಒಂದೂವರೆ ಕಿಲೋ ಮೂಳೆಮಾಂಸಕ್ಕೆ ಸುಮಾರು ಮೂರು ಲೀಟರ್ ನೀರು ಹಿಡಿಯುತ್ತದೆ. ಮಾಂಸದ ತುಂಡುಗಳನ್ನು ತುಸು ಎಣ್ಣೆಯಲ್ಲಿ ಎರಡೂ ಬದಿ ಕೆಂಪಾಗುವಂತೆ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಖಾರವಿಲ್ಲದ ಕೆಂಪು ಮೆಣಸಿನಪುಡಿ ಸೇರಿಸಿ ನೀರು ಹೊಯ್ಯುತ್ತಾರೆ. ಕುದಿ ಬರುವಾಗ ಬೂದುಬಣ್ಣದ ನೊರೆ ಏಳುತ್ತದೆ. ಮಾಂಸದಿಂದ ನೀರಿಗೆ ಇಳಿದ ಪ್ರೋಟೀನು ಬಿಸಿಗೆ ಗಟ್ಟಿಯಾದದ್ದು ಅದು. ಸೌಟಿನಿಂದ ತೆಗೆಯದಿದ್ದರೆ ಸಾರು ಕದಡುತ್ತದೆ. ಆಮೇಲೆ ಉರಿ ತಗ್ಗಿಸಿ ಒಂದೂವರೆ ಗಂಟೆ ಸಣ್ಣಗೆ ಕುದಿಸಬೇಕು. ಕಾಲಿನ ಮಾಂಸದ ಗಟ್ಟಿ ನಾರಿನಲ್ಲಿರುವ ಕೊಲಾಜನ್ ಆ ನಿಧಾನದ ಬಿಸಿಯಲ್ಲಿ ಜಿಲಾಟಿನ್ ಆಗಿ ಕರಗುತ್ತದೆ. ತಿಳಿಸಾರಿಗೆ ತುಟಿಗೆ ಅಂಟುವಂಥ ಹದ ಬರುವುದು ಅದರಿಂದಲೇ. ಅವಸರದ ಜೋರು ಕುದಿಯಲ್ಲಿ ಕೊಬ್ಬು ಸಾರಿನಲ್ಲಿ ಬೆರೆತು ಮಾಂಸ ಬಿರುಸಾಗುತ್ತದೆ.

ತರಕಾರಿಗೂ ಸರದಿ ಇದೆ. ಮೊದಲು ಆಲೂಗಡ್ಡೆ, ಹತ್ತು ನಿಮಿಷ ಬಿಟ್ಟು ಕುಂಬಳ, ತೆನೆ ಮತ್ತು ಒಂದು ಹಿಡಿ ಅಕ್ಕಿ, ಕೊನೆಗೆ ಸೀಳಿದ ಹುರುಳಿಕಾಯಿ. ಕೆಲವರು ಕುಂಬಳದ ಸಿಪ್ಪೆ ತೆಗೆಯುವುದಿಲ್ಲ, ಹೋಳು ಕರಗದೆ ನಿಲ್ಲಲೆಂದು. ಅಕ್ಕಿಯ ಬದಲು ‘ಚುಚೋಕಾ’ ಹಾಕುವುದೂ ಉಂಟು. ಬೇಯಿಸಿ ಒಣಗಿಸಿ ಒಡೆದ ಮೆಕ್ಕೆಜೋಳದ ನುಚ್ಚು ಅದು, ಟರ್ಕಿ ಕೋಳಿಯ ಕಸ್ವೇಲಾಕ್ಕಂತೂ ಬೇಕೇ ಬೇಕು. ಉಣ್ಣುವಾಗ ಹಲವರು ಕುಂಬಳವನ್ನು ಚಮಚದ ಬೆನ್ನಿನಿಂದ ಸಾರಿನಲ್ಲೇ ಕಿವುಚಿಕೊಳ್ಳುತ್ತಾರೆ. ತೆನೆಯನ್ನು ಕೈಯಲ್ಲೇ ಹಿಡಿದು ಕಚ್ಚುತ್ತಾರೆ.

ಇಂದು ಅಲ್ಯೂಮಿನಿಯಂ ಪಾತ್ರೆ, ಪ್ರೆಷರ್ ಕುಕ್ಕರ್‌ಗಳು ಎಲ್ಲ ಕಡೆ ಬಂದಿವೆ. ಆದರೂ ಬಡಿಸಲು ಮಣ್ಣಿನ ಬಟ್ಟಲೇ ಆಗಬೇಕೆನ್ನುವವರು ಬಹಳ. ಮೆಲಿಪಿಯಾ ಬಳಿಯ ಪೊಮಾಯ್ರೆ ಎಂಬ ಕುಂಬಾರರ ಊರು ಇಂಥ ಬಟ್ಟಲುಗಳಿಗೆ ಹೆಸರಾಗಿದೆ. ದಕ್ಷಿಣಕ್ಕೆ ಕಿಂಚಮಲಿಯ ಹೆಂಗಸರು ಮಾಡುವ ಕಪ್ಪು ಮಡಕೆಗಳ ಕಲೆಯನ್ನು ಯುನೆಸ್ಕೊ 2022ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ದಕ್ಷಿಣ ಅಮೆರಿಕದ ಬೇರೆ ನಾಡುಗಳಲ್ಲಿ ಇದೇ ಮನೆತನದ ಸಾರುಗಳು ನೆಲಕ್ಕೆ ತಕ್ಕಂತೆ ಬೇರೆಯಾಗಿವೆ. ಕೊಲಂಬಿಯಾ ಮತ್ತು ವೆನಿಜುವೆಲಾದ ‘ಸಂಕೋಚೊ’ದಲ್ಲಿ ಬಾಳೆಕಾಯಿ, ಮರಗೆಣಸು ಬೀಳುತ್ತವೆ. ಬೊಲಿವಿಯಾದ ಲಾ ಪಾಸ್ ನಗರ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಇಂಥ ಸಾರಿನ ಮೂಳೆಮಾಂಸ ಬೇಯಲು ಹೆಚ್ಚು ಹೊತ್ತು ಬೇಕು. ಅರ್ಜೆಂಟೀನಾ ಮತ್ತು ಉರುಗ್ವೆಯ ‘ಪುಚೇರೊ’ ಸ್ಪೇನಿನ ಪದ್ಧತಿಗೆ ಹೆಚ್ಚು ಹತ್ತಿರ. ಕಡಲೆಕಾಳನ್ನು ಹಲವರು ಅದರಲ್ಲಿ ಉಳಿಸಿಕೊಂಡಿದ್ದಾರೆ. ಸಾರನ್ನು ಬೇರೆಯಾಗಿ, ಅದರಲ್ಲೇ ಶಾವಿಗೆ ಬೇಯಿಸಿ ಕುಡಿದು, ಮಾಂಸ ಮತ್ತು ತರಕಾರಿಯನ್ನು ಅಗಲ ತಟ್ಟೆಯಲ್ಲಿ ಇಡುತ್ತಾರೆ. ಮಿಕ್ಕ ಮಾಂಸವನ್ನು ಮರುದಿನ ಎಳೆಎಳೆಯಾಗಿ ಬಿಡಿಸಿ, ತಣ್ಣಗಿನ ಆಲೂಗಡ್ಡೆ, ಈರುಳ್ಳಿ, ಎಣ್ಣೆ, ವಿನೆಗರ್ ಬೆರೆಸಿದರೆ ‘ಸಲ್ಪಿಕೋನ್’ ಆಗುತ್ತದೆ.