ನಾರ್ವೆಯ ಸಮಾಸಪದಗಳ ಸ್ವರಭಾರ

ನಾರ್ವೆಯ ಭಾಷೆಯಲ್ಲಿ ಎರಡು ಪದಗಳು ಕೂಡಿ ಸಮಾಸವಾದಾಗ ಪೂರ್ವಪದದ ಮೇಲೆ ಪ್ರಧಾನವಾದ ಆಘಾತವೂ ಉತ್ತರಪದದ ಮೇಲೆ ಗೌಣವಾದ ಆಘಾತವೂ ಬೀಳುವುದು ಸಾಮಾನ್ಯ ನಿಯಮ. ಸಂಧಿಕಾರ್ಯದಿಂದ ಪದಗಳ ಗಡಿಯನ್ನೇ ಅಳಿಸಿಬಿಡುವ ನಮಗೆ, ಕೂಡಿಯೂ ಕರಗದ ಈ ಸಮಾಸಗಳು ಸ್ವಲ್ಪ ವಿಚಿತ್ರವಾಗಿ ತೋರಬಹುದು.

ಆಘಾತದೊಡನೆ ಈ ಭಾಷೆಯಲ್ಲಿ ಸ್ವರದ ಏರಿಳಿತದ ಎರಡು ಧಾಟಿಗಳೂ ಉಂಟು, ಅವುಗಳ ಬೇರು ಪ್ರಾಚೀನ ನಾರ್ಸ್ ಭಾಷೆಯಲ್ಲಿದೆ. ಅಲ್ಲಿನ ಏಕಾಕ್ಷರ ಪದಗಳಿಂದ ಒಂದು ಸ್ವರದ ಧಾಟಿಯೂ, ಬಹ್ವಕ್ಷರ ಪದಗಳಿಂದ ಇನ್ನೊಂದು ಧಾಟಿಯೂ ಹುಟ್ಟಿದುವೆಂಬುದು ವಿದ್ವಾಂಸರ ಮತ. ರೈತರೆಂಬರ್ಥದ ‘ಬೊನ್ನರ್’ ಹಿಂದೆ ಏಕಾಕ್ಷರವಾಗಿತ್ತು, ಹುರುಳಿಯಂಥ ಕಾಳುಗಳೆಂಬರ್ಥದ ‘ಬೊನ್ನರ್’ ದ್ವ್ಯಕ್ಷರವಾಗಿತ್ತು. ಇಂದು ಉಚ್ಚಾರಣೆಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಆ ಧಾಟಿಯೊಂದೇ. ಸಮಾಸಗಳು ಬಹುಮಟ್ಟಿಗೆ ಎರಡನೆಯ ಧಾಟಿಯನ್ನು ಹಿಡಿಯುತ್ತವೆ. ಮಧ್ಯಯುಗದ ಉತ್ತರಾರ್ಧದಲ್ಲಿ ಇನ್ನೊಂದು ಮಾರ್ಪಾಡು ನಡೆಯಿತು: ಆಘಾತವುಳ್ಳ ಅಕ್ಷರವೆಲ್ಲ, ನಮ್ಮ ಛಂದಶ್ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಗುರುವಾಯಿತು, ದೀರ್ಘಸ್ವರವೋ ದ್ವಿತ್ವವ್ಯಂಜನವೋ ಅದಕ್ಕೆ ಅನಿವಾರ್ಯವಾಯಿತು.

ಆದರೆ ಸುಮಾರು ನಾಲ್ಕು ಶತಮಾನ ಡೆನ್ಮಾರ್ಕಿನೊಡನೆ ಕೂಡಿದ್ದು 1814ರಲ್ಲಿ ಬೇರ್ಪಟ್ಟ ಆ ದೇಶದಲ್ಲಿ, ನಾಲಗೆ ನಾರ್ವೆಯದಾಗಿದ್ದರೂ ಲೇಖನಿ ಡೇನಿಷ್ ಭಾಷೆಯದಾಗಿಯೇ ಉಳಿದಿತ್ತು. ರೈತನ ಮಗನಾದ ಈವಾರ್ ಓಸೆನ್ 1842ರಿಂದ ಹಲವು ವರ್ಷ ಊರೂರು ತಿರುಗಿ ಆಡುನುಡಿಗಳನ್ನು ಸಂಗ್ರಹಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿದ ಮೇಲೆಯೇ ಜನರ ಮಾತಿಗೆ ಶಾಸ್ತ್ರದ ಮರ್ಯಾದೆ ದೊರೆತದ್ದು. ಇತ್ತ ಡೇನಿಷ್ ಮೂಲದ ಬರಹವೂ 1907 ಮತ್ತು 1917ರ ಕಾಗುಣಿತ ಸುಧಾರಣೆಗಳಿಂದ ಮೆಲ್ಲಮೆಲ್ಲನೆ ಜನರ ಉಚ್ಚಾರಣೆಯ ಸಮೀಪಕ್ಕೆ ಸರಿಯಿತು.

ರಾತ್ರಿಯ ರೈಲಿಗೆ ಹೇಳುವ ‘ನಟ್ಟೋಗ್’ ಎಂಬ ಪದವನ್ನೇ ನೋಡಿ. ರಾತ್ರಿಯೆಂಬ ಪದವನ್ನು ಡೇನಿಷರು ಒಂದೇ ಟಕಾರದಿಂದ ಬರೆಯುವರು, ನಾರ್ವೆಯವರು ಎರಡರಿಂದ. ರೈಲೆಂಬ ಪದದ ಆದಿಯಲ್ಲಿಯೂ ಟಕಾರವಿರುವುದರಿಂದ ನಾರ್ವೆಯ ಬರಹದಲ್ಲಿ ಮೂರು ಸೇರಬೇಕು. ಸಜಾತೀಯ ವ್ಯಂಜನಗಳು ಮೂರು ಒಟ್ಟಿಗೆ ಬರಬಾರದೆಂಬ ವಿಧಿಯಿಂದ ಒಂದು ಲೋಪವಾಗಿ, ಎರಡು ದೇಶಗಳ ಪುಟದಲ್ಲಿಯೂ ಪದದ ರೂಪ ಒಂದೇ ಆಗುತ್ತದೆ. ಆದರೆ ಸಾಲಿನ ತುದಿಯಲ್ಲಿ ಪದವನ್ನು ಒಡೆಯಬೇಕಾದಾಗ, ಘಟಕಪದಗಳ ನಡುವೆಯೇ ಒಡೆಯಬೇಕೆಂಬ ನಿಯಮಾನುಸಾರ, ಲೋಪವಾದ ಟಕಾರ ನಾರ್ವೆಯಲ್ಲಿ ಮರಳಿ ಪ್ರತ್ಯಕ್ಷವಾಗುವುದು. ಡೇನಿಷಿನಲ್ಲಿ ಮರಳಲು ಏನೂ ಇಲ್ಲ. ಮುದ್ರಣಾಲಯದ ಅಕ್ಷರ ಜೋಡಿಸುವವನಿಗೆ ಇದಕ್ಕಿಂತ ಸೊಗಸಾದ ಭಾಷಾಚರಿತ್ರೆಯ ಪಾಠ ದೊರೆಯದೆಂದೇ ನನ್ನ ಭಾವನೆ.

ಸಮಾಸವನ್ನು ಒಡೆದು ಬರೆಯುವ ಚಾಳಿಯ ಮೇಲೆ ಅಲ್ಲಿನ ಭಾಷಾಭಿಮಾನಿಗಳ ಕೋಪವೂ ಅಕಾರಣವಲ್ಲ. ‘ರೊಯ್ಕ್‌ಫ್ರಿಟ್’ ಎಂದು ಕೂಡಿಸಿ ಬರೆದರೆ ಅಲ್ಲಿ ಧೂಮಪಾನವಿಲ್ಲವೆಂದರ್ಥ. ಬಿಡಿಸಿ ಬರೆದರೆ ಎರಡು ಪದಗಳಿಗೂ ಪೂರ್ಣ ಆಘಾತ ಬಿದ್ದು, ಯಥೇಚ್ಛವಾಗಿ ಸೇದಿರೆಂಬ ಆಹ್ವಾನವಾಗುವುದು.