ದೋಹಾ ಫೈನಲ್ ಯಾರ ಲೆಕ್ಕಕ್ಕೆ?

2016ರ ನವೆಂಬರ್ 5, ಶನಿವಾರ ರಾತ್ರಿ. ಸೋಂದಾದ ನಮ್ಮನೆ ಜಗಲಿಯಲ್ಲಿ ಅಡಕೆ ಸುಲಿತ ನಡೆದಿತ್ತು. ಬೆಂಗಳೂರಿಂದ ಎರಡು ದಿನಕ್ಕೆ ಅಂತ ಬಂದ ನಾನೂ ಒಂದು ಮೆಟ್ಟುಗತ್ತಿ ಮುಂದೆ ಕೂತಿದ್ದೆ. ನಾನು ಒಂದು ಸುಲಿಯುವಷ್ಟರಲ್ಲಿ ಪಕ್ಕದವರು ಹತ್ತು ಸುಲಿದು ಮುಗಿಸುತ್ತಿದ್ದರು, ಯಾಕಂದರೆ ನನ್ನ ಕಣ್ಣು ಪೂರ್ತಿ ಟೀವಿಯಲ್ಲಿತ್ತು. ದೋಹಾದಲ್ಲಿ ಬೆಂಗಳೂರು ಎಫ್‌ಸಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ ಎಎಫ್‌ಸಿ ಕಪ್ ಫೈನಲ್ ಆಡುತ್ತಿತ್ತು. ಭಾರತದ ಯಾವ ಕ್ಲಬ್ಬೂ ಅಲ್ಲೀತನಕ ಮುಟ್ಟದ ಜಾಗ ಅದು. ಎಪ್ಪತ್ತನೇ ನಿಮಿಷಕ್ಕೆ ಹಮ್ಮಾದಿ ಅಹ್ಮದ್ ಗೋಲು ಹೊಡೆದ. 0-1. ಅಷ್ಟೇ, ಮುಗೀತು.

"ತಮಾ, ಗೆರೆ ಹತ್ರ ನಿಂತ್ಕಂಡು ಕೈ ಬೀಸ್ತಾ ಇದ್ನಲಾ, ಅಂವ ಯಾರಾ?" ಅಂತ ಚಿಕ್ಕಪ್ಪ ಕೇಳಿದ. ಆಲ್ಬರ್ಟ್ ರೋಕಾ ಅಂತ, ಸ್ಪೇನಿನವ, ನಮ್ಮ ಕೋಚು, ಜುಲೈಯಲ್ಲಿ ಬಂದಿದ್ದಾನೆ ಅಂದೆ. ಚಿಕ್ಕಪ್ಪ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಾಕು ತಿಂಗಳಲ್ಲಿ ಬೆಳೆ ಬಪ್ಪಲೆ ಅದೆಂತ ಬಸಳೆಯನಾ?"

ಆವತ್ತು ಸೋತ ಸಿಟ್ಟಲ್ಲಿ ಅದು ಕೊಂಕು ಅನ್ನಿಸಿತ್ತು. ಆದರೆ ಆಮೇಲೆ ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, "ಬಿಎಫ್‌ಸಿಯ ಬೆಸ್ಟ್ ಕೋಚ್ ಯಾರು" ಅನ್ನೋ ಜಗಳ ಎದ್ದಾಗಲೆಲ್ಲ ನನಗೆ ಆ ಬಸಳೆ ನೆನಪಾಗುತ್ತದೆ. (ಇಂಗ್ಲೆಂಡಿನಲ್ಲಿ ಕೋಚಿಗೆ ಮ್ಯಾನೇಜರ್ ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಆ ಪದಕ್ಕೆ ಬೇರೆಯೇ ವಾಸನೆ ಇರುವುದರಿಂದ ನಾನು ಕೋಚ್ ಅಂತಲೇ ಬರೆಯುತ್ತೇನೆ.)

ಮೊದಲಿನಿಂದ ಹೇಳಬೇಕಂದ್ರೆ ಆಶ್ಲಿ ವೆಸ್ಟ್‌ವುಡ್. 2013ರಲ್ಲಿ ಕ್ಲಬ್ಬು ಹುಟ್ಟಿದಾಗ ಇವನ ಕೈಗೆ ಸಿಕ್ಕಿದ್ದು ಬರೀ ಹೆಸರು. ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು, ಎಚ್‌ಎಎಲ್, ಐಟಿಐ ತಂಡಗಳ ಕಾಲ ನೋಡಿದ ಹಿರಿಯರು ಇವತ್ತಿಗೂ ಅಶೋಕನಗರದ ಸ್ಟೇಡಿಯಂಗೆ ಬರುತ್ತಾರೆ. ಆದರೆ ಈ ಕ್ಲಬ್ಬಿಗೆ ಇತಿಹಾಸ ಇರಲಿಲ್ಲ.  ಸುನಿಲ್ ಛೆಟ್ರಿ ಇದ್ದ, ಜಾನ್ ಜಾನ್ಸನ್, ಕರ್ಟಿಸ್ ಒಸಾನೊ, ಶಾನ್ ರೂನಿ ಬಂದರು. ಮೊದಲ ಪಂದ್ಯ ಸೆಪ್ಟೆಂಬರಿನಲ್ಲಿ, ಮೋಹನ್ ಬಗಾನ್ ಜತೆ 1-1. ಮುಂದಿನ ಏಪ್ರಿಲ್ 21ಕ್ಕೆ ಮಡಗಾಂವ್‌ನ ಫಾತೊರ್ಡಾದಲ್ಲಿ ಡೆಂಪೋವನ್ನು 4-2ರಿಂದ ಸೋಲಿಸಿ ಐ-ಲೀಗ್ ಚಾಂಪಿಯನ್. ಹುಟ್ಟಿದ ಮೊದಲ ವರ್ಷವೇ! ಹೈದರಾಲಿಯ ಸೈನ್ಯ ಬಂದಾಗ ನಮ್ಮ ಸೋಂದೆಯ ಕೊನೇ ಅರಸು ಗೋವೆಗೆ ಓಡಿಹೋದ ಅಂತ ಶಾಲೆಯಲ್ಲಿ ಕೇಳಿ ಬೇಜಾರು ಮಾಡಿಕೊಂಡಿದ್ದವ ನಾನು. ಇನ್ನೂರೈವತ್ತು ವರ್ಷದ ನಂತರ ಗೋವೆಯಿಂದ ಒಂದು ಒಳ್ಳೇ ಸುದ್ದಿ ಬಂತು.

ಮರುವರ್ಷ ಫೆಡರೇಶನ್ ಕಪ್. ಅದೇ ಋತುವಿನ ಲೀಗಿನ ಕೊನೇ ದಿನ, 2015ರ ಮೇ 31, ಕಂಠೀರವದಲ್ಲಿ ಮತ್ತೆ ಮೋಹನ್ ಬಗಾನ್. ನಮಗೆ ಗೆಲುವು ಬೇಕು, ಅವರಿಗೆ ಡ್ರಾ ಸಾಕು. ಜಾನ್ಸನ್ ಗೋಲು ಹೊಡೆದ, ಮಳೆ ಹುಯ್ಯುತ್ತಿತ್ತು, ನಾವೆಲ್ಲ ಒದ್ದೆಯಾಗಿ ಕಿರುಚುತ್ತಿದ್ದೆವು. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಎರಡು ಪಾಯಿಂಟಿನಿಂದ ಲೀಗ್ ಹೋಯ್ತು. ಅದರ ಮುಂದಿನ ವರ್ಷ ಮತ್ತೆ ಚಾಂಪಿಯನ್. ಮೂರು ವರ್ಷ, ಎರಡು ಲೀಗ್. ಮೂರನೆಯದು ಮೂರು ನಿಮಿಷದಲ್ಲಿ ತಪ್ಪಿದ್ದು.

ಇಷ್ಟಾದರೂ ನನ್ನ ಮತ ವರ್ಷಗಟ್ಟಲೆ ರೋಕಾಗೇ ಇತ್ತು. ವೆಸ್ಟ್‌ವುಡ್‌ನ ತಂಡ ಗೆಲ್ಲುತ್ತಿತ್ತು, ನಿಜ, ಆದರೆ ನೋಡೋಕೆ ಕೂಲಿ ಕೆಲಸದ ಥರ ಇತ್ತು: ಓಡು, ತಡೆ, ಕಾರ್ನರ್ ಸಿಕ್ಕಿದರೆ ಜಾನ್ಸನ್‌ನ ತಲೆಗೆ ಹಾಕು. ರೋಕಾ ಬಾರ್ಸಿಲೋನಾದಲ್ಲಿ ರೈಕಾರ್ಡ್‌ನ ಸಹಾಯಕನಾಗಿದ್ದವ. ಅವನು ಬಂದ ಮೇಲೆ ನಮ್ಮ ಡಿಫೆಂಡರುಗಳೂ ಚೆಂಡನ್ನು ಹೆದರದೆ ಪಾಸ್ ಮಾಡತೊಡಗಿದರು. 2016ರ ಅಕ್ಟೋಬರ್ 19ಕ್ಕೆ, ಹಿಂದಿನ ವರ್ಷ ಇದೇ ಕಪ್ ಗೆದ್ದಿದ್ದ ಮಲೇಷ್ಯಾದ ಜೋಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಹೊಡೆದ ರಾತ್ರಿ ಇದೆಯಲ್ಲ, ಛೆಟ್ರಿಯದು ಎರಡು, ಹುವಾನನ್‌ದು ಒಂದು, ಅಂಥ ಇನ್ನೊಂದು ರಾತ್ರಿಯನ್ನು ನಾನು ಆ ಸ್ಟೇಡಿಯಂನಲ್ಲಿ ನೋಡಿಲ್ಲ.

ಈಗ ಬಸಳೆಗೆ ಬರೋಣ. ಆ ವರ್ಷದ ಎಎಫ್‌ಸಿ ಕಪ್ ಶುರುವಾಗಿದ್ದು ಫೆಬ್ರವರಿಯಲ್ಲಿ. ಗುಂಪು ಹಂತ ಪೂರ್ತಿ ಆಡಿಸಿದವ ವೆಸ್ಟ್‌ವುಡ್. ಮೇ 25ಕ್ಕೆ ಹಾಂಗ್‌ಕಾಂಗ್‌ಗೆ ಹೋಗಿ ಕಿಚೀ ತಂಡವನ್ನು 3-2ರಿಂದ ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿಸಿದವನೂ ಅವನೇ. ಆಮೇಲೆ ಅವನು ಹೋದ, ರೋಕಾ ಬಂದ. ಅಂದರೆ ದೋಹಾದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಸಿದವನ ಹೆಸರು ಆ ಫೈನಲ್ ಬಗ್ಗೆ ಮಾತಾಡುವಾಗ ಯಾರ ಬಾಯಲ್ಲೂ ಬರುವುದಿಲ್ಲ. ಪ್ರಾಜೆಕ್ಟು ಅರ್ಧ ಮುಗಿಸಿ ಕಂಪನಿ ಬಿಟ್ಟವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಪೂರ್ತಿ ಅವನ ಲೆಕ್ಕಕ್ಕೆ ಬರೆಯೋಕೂ ಆಗುವುದಿಲ್ಲ. ಅದೇ ಜೋಹೋರ್ ವಿರುದ್ಧ ಗುಂಪು ಹಂತದಲ್ಲಿ ವೆಸ್ಟ್‌ವುಡ್ ಎರಡಕ್ಕೆ ಎರಡೂ ಪಂದ್ಯ ಸೋತಿದ್ದ. ರೋಕಾ ಅಲ್ಲಿ ಹೋಗಿ 1-1 ಮಾಡಿದ, ಇಲ್ಲಿ ಕರೆಸಿ ಸೋಲಿಸಿದ. ಗಿಡ ಅವನದ್ದೇ ಇರಬಹುದು, ಆ ಗೊನೆ ಮಾತ್ರ ಇವನು ಬಂದದ್ದಕ್ಕೇ ಬಿಟ್ಟಿದ್ದು.

ರೋಕಾಗೆ ಆದ ಅನ್ಯಾಯ ಬೇರೆ ಥರದ್ದು. 2017ರಲ್ಲಿ ಕ್ಲಬ್ಬು ಐಎಸ್‌ಎಲ್‌ಗೆ ಹೋಯಿತು. 18 ಪಂದ್ಯದಲ್ಲಿ 40 ಪಾಯಿಂಟ್, ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಐ-ಲೀಗ್ ಆಗಿದ್ದರೆ ಅಲ್ಲಿಗೆ ಕಪ್ಪು ಎತ್ತಿ ಮನೆಗೆ ಹೋಗಬಹುದಿತ್ತು. ಐಎಸ್‌ಎಲ್‌ನಲ್ಲಿ ಪ್ಲೇ-ಆಫ್, ಫೈನಲ್. ಲೀಗಿನಲ್ಲಿ ಮೊದಲು ಬಂದವರಿಗೆ ಆಗ ಶೀಲ್ಡೂ ಇರಲಿಲ್ಲ, ಅದು ಬಂದದ್ದು 2019-20ರಲ್ಲಿ. 2018ರ ಮಾರ್ಚ್ 17, ಕಂಠೀರವದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ 3-2ರಿಂದ ಗೆದ್ದಿತು. ಮುಂದಿನ ತಿಂಗಳು ಸೂಪರ್ ಕಪ್ ಗೆದ್ದು ರೋಕಾ ಹೊರಟ.

ಅವನ ಜಾಗಕ್ಕೆ ಬಂದವ ಕಾರ್ಲೆಸ್ ಕ್ವಾಡ್ರಾಟ್, ಎರಡು ವರ್ಷದಿಂದ ರೋಕಾನ ಪಕ್ಕದಲ್ಲೇ ಕೂತಿದ್ದ ಸಹಾಯಕ. 2019ರ ಮಾರ್ಚ್ 17. ತಾರೀಕು ಗಮನಿಸಿ, ಸರಿಯಾಗಿ ಒಂದು ವರ್ಷ. ಮುಂಬೈಯಲ್ಲಿ ಗೋವಾ ವಿರುದ್ಧ ಎಕ್ಸ್‌ಟ್ರಾ ಟೈಮು ಮುಗಿಯಲು ಮೂರ್ನಾಲ್ಕು ನಿಮಿಷ ಇರುವಾಗ ದಿಮಾಸ್ ದೆಲ್ಗಾಡೊನ ಕಾರ್ನರಿಗೆ ರಾಹುಲ್ ಭೆಕೆ ತಲೆ ಕೊಟ್ಟ. ಐಎಸ್‌ಎಲ್ ಕಪ್ ನಮ್ಮದಾಯಿತು. ಆ ಸಲ ಲೀಗಿನಲ್ಲಿ ನಮಗೂ ಗೋವಾಕ್ಕೂ ತಲಾ 34 ಪಾಯಿಂಟ್, ಮುಖಾಮುಖಿ ಲೆಕ್ಕದಲ್ಲಿ ನಾವು ಮೇಲೆ. ಎಂಟು ಪಾಯಿಂಟ್ ಮುಂದಿದ್ದವನಿಗೆ ಸಿಗದ್ದು ಸಮಸಮ ಇದ್ದವನಿಗೆ ಸಿಕ್ಕಿತು. ಲಿವರ್‌ಪೂಲಿನ ಬಿಲ್ ಶ್ಯಾಂಕ್ಲಿ ಕ್ಲಬ್ಬನ್ನು ಕಟ್ಟಿದ, ಅವನ ಸಹಾಯಕ ಬಾಬ್ ಪೈಸ್ಲಿ ಮೂರು ಯುರೋಪಿಯನ್ ಕಪ್ ತಂದ. ಅಲ್ಲಿನವರು ಇವತ್ತಿಗೂ ಈ ಜಗಳ ಬಿಟ್ಟಿಲ್ಲ. ಆದರೆ ಕ್ವಾಡ್ರಾಟ್‌ನನ್ನು ಅದೃಷ್ಟವಂತ ಅಂತ ತಳ್ಳಿಹಾಕುವವರಿಗೆ ಒಂದು ಮಾತು: 2021ರ ಜನವರಿಯಲ್ಲಿ ಮೂರು ಸೋಲಾದ ಮೇಲೆ ಇಲ್ಲಿಂದ ಹೊರಬಿದ್ದ ಇದೇ ಮನುಷ್ಯ 2024ರಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆಲ್ಲಿಸಿ ಅವರ ಹನ್ನೆರಡು ವರ್ಷದ ಬರ ಮುಗಿಸಿದ. ಅಲ್ಲಿ ರೋಕಾ ಇರಲಿಲ್ಲ.

ಸೈಮನ್ ಗ್ರೇಸನ್‌ಗೆ ನಾಲ್ಕನೇ ಜಾಗ. 2022-23ರ ಒಂದೇ ಋತುವಿನಲ್ಲಿ ಮೂರು ಫೈನಲ್: ಡುರಾಂಡ್ ಗೆದ್ದ, ಐಎಸ್‌ಎಲ್ ಪೆನಾಲ್ಟಿಯಲ್ಲಿ ಹೋಯ್ತು, ಸೂಪರ್ ಕಪ್ಪೂ ಹೋಯ್ತು. ಜನ ಆ ವರ್ಷವನ್ನು ನೆನಪಿಟ್ಟಿರುವುದು ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದಕ್ಕೆ. ಮುಂದಿನ ಡಿಸೆಂಬರಿಗೆ ಅವನ ಕೆಲಸವೂ ಹೋಯ್ತು.

ನನ್ನ ಮತ ಈಗ ಬದಲಾಗಿದೆ. ಟಿಕೆಟ್ ತಗೊಂಡು ಆಟ ನೋಡು ಅಂದರೆ ರೋಕಾನ 2017-18ರ ತಂಡವನ್ನೇ ಆರಿಸುತ್ತೇನೆ. ಆದರೆ ಅತಿ ದೊಡ್ಡ ಕೋಚ್ ಯಾರು ಅಂದರೆ ವೆಸ್ಟ್‌ವುಡ್. ಉಳಿದ ಮೂವರಿಗೂ ಗೆದ್ದು ರೂಢಿ ಇದ್ದ ಕ್ಲಬ್ಬು ಸಿಕ್ಕಿತ್ತು. ಆ ರೂಢಿ ಹಾಕಿದವ ಇವನು. ಕಪ್ಪುಗಳನ್ನು ಎಣಿಸಿದರೂ ಇವನದ್ದೇ ಹೆಚ್ಚು, ಅದನ್ನು ಬಿಟ್ಟು ನೋಡಿದರೂ ಇವನೇ. ನಮ್ಮ ತೋಟದ ಕೆಳಗಿನ ಬಣ್ಣ ಹಾಕಿಸಿದ್ದು ಅಜ್ಜ. ಅದರ ಮೊದಲ ಫಸಲು ಬರುವ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದಿದ್ದ, ಹಾಗಾಗಿ ಊರವರು ಇವತ್ತಿಗೂ ಅದನ್ನು ಚಿಕ್ಕಪ್ಪನ ತೋಟ ಅನ್ನುತ್ತಾರೆ. ಚಿಕ್ಕಪ್ಪ ಮಾತ್ರ ಅನ್ನುವುದಿಲ್ಲ.

2024ರ ಮಾರ್ಚಿನಲ್ಲಿ ಗುವಾಹಟಿಯಲ್ಲಿ ಛೆಟ್ರಿ ಭಾರತಕ್ಕಾಗಿ 150ನೇ ಪಂದ್ಯ ಆಡಿದ, ಪೆನಾಲ್ಟಿಯಲ್ಲಿ ಗೋಲೂ ಹೊಡೆದ. ಆದರೂ ಅಫ್ಘಾನಿಸ್ತಾನ 2-1ರಿಂದ ಗೆದ್ದಿತು. ಅವರ ಕೋಚ್ ಆಶ್ಲಿ ವೆಸ್ಟ್‌ವುಡ್. ಮರುವರ್ಷ ಜೂನಿನಲ್ಲಿ ಹಾಂಗ್‌ಕಾಂಗ್ ಭಾರತವನ್ನು 1-0ರಿಂದ ಸೋಲಿಸಿತು. ಅವರ ಕೋಚೂ ಅವನೇ. ಆವತ್ತು ರಾತ್ರಿ ಚಿಕ್ಕಪ್ಪನ ವಾಟ್ಸ್ಆ್ಯಪ್ ಬಂತು, ಟೀವಿ ಪರದೆಯ ಮಸುಕು ಫೋಟೋ, ಕೆಳಗೆ ಒಂದು ಸಾಲು: "ತಮಾ, ಇಂವ ನಮ್ಮ ಹಳೇ ಮಾಸ್ತರ ಅಲ್ದನಾ?"

ಹೌದು ಅಂತ ಬರೆದೆ.