ಹೆಸರಿನಲ್ಲಿ ಗ್ರಾಮಾಂತರ: ಒಂದು ಲೋಕಸಭಾ ಕ್ಷೇತ್ರದ ಸಾಮಾಜಿಕ ಚಹರೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ವಿಧಾನಸಭಾ ಕ್ಷೇತ್ರಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿವೆ. ಆದರೆ ಅವುಗಳಲ್ಲಿ ಒಂದೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರದ ಪಾಲಾಗಿವೆ. ಇತ್ತ ಗ್ರಾಮಾಂತರವೆಂಬ ಹೆಸರನ್ನು ಹೊತ್ತ ಲೋಕಸಭಾ ಕ್ಷೇತ್ರದೊಳಗೆ ಕುಣಿಗಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣಗಳ ಜೊತೆಗೆ ಆನೇಕಲ್, ಬೆಂಗಳೂರು ದಕ್ಷಿಣ ಮತ್ತು ರಾಜರಾಜೇಶ್ವರಿನಗರಗಳು ಸೇರಿವೆ. 2024ರಲ್ಲಿ ಇಲ್ಲಿದ್ದ ಸುಮಾರು 28 ಲಕ್ಷ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕೊನೆಯ ಮೂರು ವಿಭಾಗಗಳಿಗೆ ಸೇರಿದವರು. ಹೆಸರಿಗೂ ನೆಲಕ್ಕೂ ನಡುವಿನ ಈ ಅಂತರವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಹೆಸರು ಬದಲಾಗುವುದು ಈ ಸೀಮೆಗೆ ಹೊಸತಲ್ಲ. ಟಿಪ್ಪುವಿನ ಕಾಲದ ಶಂಸೇರಾಬಾದ್ ಮುಂದೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು. 2007ರಲ್ಲಿ ಅದು ಜಿಲ್ಲೆಯೂ ಆಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ವಯಸ್ಸಾದವರ ಬಾಯಲ್ಲಿ ಕ್ಲೋಸ್‌ಪೇಟೆ ಇನ್ನೂ ಉಳಿದಿದೆ ಎಂಬುದನ್ನು ಕ್ಷೇತ್ರಕಾರ್ಯದಲ್ಲಿ ನಾನೇ ಕೇಳಿದ್ದೇನೆ.

1967ರಿಂದ 2008ರ ಪುನರ್ವಿಂಗಡಣೆಯವರೆಗೆ ಇದು ಕನಕಪುರ ಲೋಕಸಭಾ ಕ್ಷೇತ್ರವಾಗಿತ್ತು. ಒಕ್ಕಲಿಗರ ಸೀಮೆ ಎಂದು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಪಶ್ಚಿಮದ ತಾಲ್ಲೂಕುಗಳಲ್ಲಿ ಗಂಗಡಿಕಾರರು, ಆನೇಕಲ್ ಕಡೆ ಮೊರಸು ಒಕ್ಕಲಿಗರು ಗಣನೀಯ ಸಂಖ್ಯೆಯಲ್ಲಿರುವುದು ನಿಜ. ಆದರೆ ಪರಿಶಿಷ್ಟ ಜಾತಿಗಳು, ತೋಟಗಾರಿಕೆಯ ತಿಗಳರು, ರೇಷ್ಮೆ ಮತ್ತು ಬೊಂಬೆ ಕಸುಬಿನ ಮುಸ್ಲಿಮರು ಇವರನ್ನೆಲ್ಲ ಬಿಟ್ಟು ಈ ಸೀಮೆಯ ಚಿತ್ರ ಪೂರ್ಣವಾಗದು. ಚುನಾವಣೆಯ ಇತಿಹಾಸವೂ ಆ ಸರಳ ಲೆಕ್ಕಕ್ಕೆ ಒಗ್ಗುವುದಿಲ್ಲ. 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಲೋಕಸಭೆಗೆ ಕಳಿಸಿದ್ದು ಇದೇ ಕನಕಪುರ. 1983ರಲ್ಲಿ ಮುಖ್ಯಮಂತ್ರಿಯಾಗಿದ್ದ, ದೂರದ ಸಿದ್ದಾಪುರದ ಕಡೆಯ ರಾಮಕೃಷ್ಣ ಹೆಗಡೆಯವರನ್ನು ಉಪಚುನಾವಣೆಯಲ್ಲಿ ವಿಧಾನಸಭೆಗೆ ಆರಿಸಿದ್ದೂ ಕನಕಪುರವೇ. ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟ ಪಿ.ಜಿ.ಆರ್. ಸಿಂಧ್ಯ ಮರಾಠ ಸಮುದಾಯದವರು. ಮುಂದೆ ಹಲವು ಬಾರಿ ಅಲ್ಲಿಂದಲೇ ಗೆದ್ದರು. ಜಾತಿಯ ಬಲಕ್ಕಿಂತ ‘ಮನೆಮಗ’ ಎಂಬ ಒಪ್ಪಿಗೆಯೇ ಅಲ್ಲಿ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.

ಅನಂತರದ ಕಾಲದಲ್ಲಿ ಕ್ಷೇತ್ರವು ದೊಡ್ಡ ಮನೆತನಗಳ ಪೈಪೋಟಿಯ ಕಣವಾಯಿತು. 2002ರ ಉಪಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಎರಡೇ ವರ್ಷಗಳಲ್ಲಿ ತೇಜಸ್ವಿನಿಯವರೆದುರು ತಾವೇ ಸೋತರು. 2009ರಲ್ಲಿ ಎಚ್.ಡಿ. ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಡಿ.ಕೆ. ಸುರೇಶ್ ಪ್ರತಿನಿಧಿಗಳಾದರು. 2019ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ ಏಕೈಕ ಸ್ಥಾನ ಇದು.

2024ರ ಏಪ್ರಿಲ್ 26ರ ಮತದಾನ ಬೇರೆಯೇ ಕಥೆ ಹೇಳಿತು. ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು 2,69,647 ಮತಗಳ ಅಂತರದಿಂದ ಗೆದ್ದರು. ಅವರು ದೇವೇಗೌಡರ ಅಳಿಯ ಎಂಬುದನ್ನು ಇಲ್ಲಿ ಮರೆಯಲಾಗದು. ಆ ಅಂತರದ ಬಹುಪಾಲು ಬಂದದ್ದು ಬೆಂಗಳೂರು ದಕ್ಷಿಣ ಮತ್ತು ರಾಜರಾಜೇಶ್ವರಿನಗರಗಳಿಂದ. ಕನಕಪುರ ವಿಭಾಗ ಸುರೇಶ್ ಅವರ ಜೊತೆಯಲ್ಲೇ ಉಳಿಯಿತು. ನೆರೆಯ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಶೇ. 53ರಷ್ಟು ಮತದಾನವಾದರೆ ಇಲ್ಲಿ ಸುಮಾರು ಶೇ. 68ರಷ್ಟಾಯಿತು. ಈ ಏರಿಕೆಗೆ ಹಳ್ಳಿಗಳೇ ಕಾರಣ. ಹಳ್ಳಿಯವರು ಹೆಚ್ಚು ಪ್ರಮಾಣದಲ್ಲಿ ಮತಗಟ್ಟೆಗೆ ಬಂದರೂ ಫಲಿತಾಂಶವನ್ನು ನಿರ್ಣಯಿಸಿದ್ದು ನಗರದ ಅಂಚಿನ ಬಡಾವಣೆಗಳು.

ಈ ಅಂಚಿನ ಸಮಾಜವನ್ನು ಅರಿಯಲು ಮತಪಟ್ಟಿಯೊಂದೇ ಸಾಲದು. ಕನಕಪುರ ರಸ್ತೆಯ ಬದಿಯ ಊರೊಂದರಲ್ಲಿ ಗ್ರಾಮದೇವತೆಯ ಹಬ್ಬವನ್ನು ದಾಖಲಿಸುತ್ತಿದ್ದೆ. ಊರ ಗೌಡರ ಮನೆಯಲ್ಲಿ ತಂಬಿಟ್ಟಿನ ಆರತಿ ತರಬೇಕಾದ ಮನೆಗಳ ಪಟ್ಟಿಯೊಂದಿತ್ತು. ಪ್ರತಿ ಕುಲಕ್ಕೂ ಅದರದರ ಸರದಿ, ಅದರದರ ಹಕ್ಕು. ಸುತ್ತಲೂ ಎದ್ದ ಅಪಾರ್ಟ್‌ಮೆಂಟುಗಳ ಜನ ಉದಾರವಾಗಿ ಚಂದಾ ಕೊಡುತ್ತಾರೆ, ಅವರ ಹೆಸರು ರಸೀದಿ ಪುಸ್ತಕದಲ್ಲಿದೆ, ಆರತಿಯ ಪಟ್ಟಿಯಲ್ಲಿಲ್ಲ. “ಓಟು ಅವರದೇ ಜಾಸ್ತಿ ಕಣಪ್ಪ, ಆರತಿ ನಮ್ದು” ಎಂದು ಹಿರಿಯರೊಬ್ಬರು ನಕ್ಕರು. ಆ ನಗೆಯಲ್ಲಿ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು. ಅವರ ಹೊಲ ಬಡಾವಣೆಯಾಗಿ ಹತ್ತು ವರ್ಷ ಕಳೆದಿತ್ತು.

ಆನೇಕಲ್ ಕಡೆಯ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳು ಪೈಪೋಟಿಯಿಂದ ನೂರಡಿಗೂ ಮಿಕ್ಕ ತೇರುಗಳನ್ನು ಎಳೆದು ತರುತ್ತವೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳು ಹಬ್ಬಿದ ತಾಲ್ಲೂಕಿದು. ಹೊಲ ಕಳೆದುಕೊಂಡ ಊರಿಗೆ ತನ್ನ ಹೆಸರನ್ನು ಎತ್ತಿ ಹಿಡಿಯಲು ಉಳಿದಿರುವ ಸ್ಥಳ ಆ ತೇರು. 2024ರ ಚುನಾವಣಾ ಪ್ರಚಾರದ ದಿನಗಳಲ್ಲೇ ಅಂಥ ತೇರೊಂದು ಉರುಳಿತು. 2025ರಲ್ಲಿ ಮತ್ತೆ ಉರುಳಿ ಜೀವಹಾನಿಯಾಯಿತು.

ಇಷ್ಟು ಭಿನ್ನವಾದ ಜನರನ್ನು ಕೂಡಿಸಿರುವುದು ನೀರು. ತೊರೆಕಾಡನಹಳ್ಳಿಯಲ್ಲಿ ಎತ್ತಿದ ಕಾವೇರಿ ಹಾರೋಹಳ್ಳಿ, ತಾತಗುಣಿಗಳ ಪಂಪುಗಳ ಮೂಲಕ ಕ್ಷೇತ್ರವನ್ನು ಹಾದು ನಗರಕ್ಕೆ ಏರುತ್ತದೆ. ನಗರ ಬಳಸಿಬಿಟ್ಟ ನೀರು ವೃಷಭಾವತಿಯಾಗಿ ಕೆಂಗೇರಿ ದಾಟಿ, ಬಿಡದಿ ಬಳಿಯ ಭೈರಮಂಗಲ ಕೆರೆಗೆ ನೊರೆಯಾಗಿ ಇಳಿದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. 2022ರ ಜನವರಿಯಲ್ಲಿ ಮೇಕೆದಾಟಿನಿಂದ ಹೊರಟ ಪಾದಯಾತ್ರೆಯ ಬೇಡಿಕೆ ಬೆಂಗಳೂರಿಗೆ ಕುಡಿಯುವ ನೀರು. ಭೈರಮಂಗಲದ ಕೆಳಗಿನ ರೈತರು ಇಂದಿಗೂ ಆ ಕೆರೆಯ ನೀರಿನಲ್ಲೇ ಬೆಳೆ ತೆಗೆಯುತ್ತಿದ್ದಾರೆ. ಅಲ್ಲಿ ಕೊಯ್ದ ಸೊಪ್ಪು ಮಾರುಕಟ್ಟೆಗೆ ಹೋಗುವುದೂ ನಗರದ ದಾರಿಯಲ್ಲೇ.